ಗಾಳಿಯೇನೋ ಪುಕ್ಕಟೆ, ಆದರೆ ದೋಣಿ?

ಬೀದರ ಜಿಲ್ಲೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ನಮ್ಮ ಮಕ್ಕಳು ಕಂಡ ದೊಡ್ಡ ನೀರೆಂದರೆ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ. ಕಂಡ ದೊಡ್ಡ ನದಿಯೆಂದರೆ ಬೀದರದಿಂದ ಔರಾದಿಗೆ ಹೋಗುವಾಗ ಸೇತುವೆಯ ಕೆಳಗೆ ಹರಿಯುವ ಮಾಂಜ್ರಾ. ಅದೂ ಬೇಸಿಗೆ ಬಂತೆಂದರೆ ಬಡಕಲು. ಹೀಗಿರುವಾಗ ಹಾಯಿದೋಣಿಯ ಮಾತು ನಮಗೇಕೆ ಎಂದು ಯಾರಾದರೂ ಕೇಳಿದರೆ ತಪ್ಪೇನಲ್ಲ. ಆದರೆ ಸುಮಾರು ಐದೂವರೆ ಶತಮಾನದ ಹಿಂದೆ ಇದೇ ಬೀದರದಲ್ಲಿ ಮಾರಾಟವಾದ ಒಂದು ಕುದುರೆ ಹಾಯಿದೋಣಿ ಏರಿಯೇ ನಮ್ಮ ದೇಶಕ್ಕೆ ಬಂದಿತ್ತು ಎಂಬುದನ್ನು ಮರೆಯಬಾರದು.

ಕುದುರೆಯ ಒಡೆಯ ಅಫನಾಸಿ ನಿಕಿತಿನ್, ರಷ್ಯದ ಟ್ವೇರ್ ಊರಿನ ವ್ಯಾಪಾರಿ. ಬಹಮನಿ ಸುಲ್ತಾನರ ಕಾಲದಲ್ಲಿ, 1470ರ ಆಸುಪಾಸಿನಲ್ಲಿ, ಬೀದರಕ್ಕೆ ಬಂದವನು. ಊರು ಬಿಟ್ಟು ಬಹಳ ದೂರ ಬರುವ ಮೊದಲೇ ಅವನ ಸಾಮಾನು ಲೂಟಿಯಾಯಿತು. ಕ್ಯಾಸ್ಪಿಯನ್ ಸಮುದ್ರದ ಬಿರುಗಾಳಿಗೆ ಜೊತೆಯ ಒಂದು ನಾವೆ ದಡಕ್ಕೆ ಬಡಿದು ಒಡೆಯಿತು. ಆದರೂ ಹಿಂತಿರುಗದೆ ಪರ್ಷಿಯ ದಾಟಿ ಹೊರ್ಮುಜ್ ಬಂದರಿಗೆ ಬಂದ. ಅಲ್ಲಿ ಕುದುರೆಯೊಂದಿಗೆ ಹಾಯಿನಾವೆ ಏರಿ, ವಾರಗಟ್ಟಲೆ ಸಮುದ್ರದ ಮೇಲೆ ಕಳೆದು, ಈಗಿನ ಮಹಾರಾಷ್ಟ್ರದ ಚೌಲ್ ಬಂದರಿನಲ್ಲಿ ಇಳಿದ. ಕುದುರೆ ಕೊನೆಗೂ ಮಾರಾಟವಾದದ್ದು ಬೀದರದಲ್ಲಿ. ಅಷ್ಟರೊಳಗೆ ಅದರ ಮೇವಿಗೆ ಎಷ್ಟು ಖರ್ಚಾಯಿತೆಂದು ಆತ ಲೆಕ್ಕ ಬರೆದಿಟ್ಟಿದ್ದಾನೆ, ಪಾಪ.

ಹಿಂತಿರುಗುವಾಗಿನ ಕಥೆ ಇನ್ನೂ ಸ್ವಾರಸ್ಯ. ದಾಭೋಳ ಬಂದರಿನಲ್ಲಿ ಎರಡು ಚಿನ್ನದ ನಾಣ್ಯ ತೆತ್ತು ಹೊರ್ಮುಜ್‌ಗೆ ಹೊರಟ ನಾವೆ ಹತ್ತಿದ. ಒಂದು ತಿಂಗಳು ಕಣ್ಣಿಗೆ ನೀರು ಬಿಟ್ಟು ಬೇರೇನೂ ಬೀಳಲಿಲ್ಲ. ಮರು ತಿಂಗಳು ಗುಡ್ಡಗಳೇನೋ ಕಂಡವು, ಆದರೆ ಅವು ಆಫ್ರಿಕದ ಇಥಿಯೋಪಿಯದ ಗುಡ್ಡಗಳು! ಸುಲಿಗೆಯಾಗದಿರಲೆಂದು ಅಲ್ಲಿನವರಿಗೆ ಅಕ್ಕಿ, ಮೆಣಸು, ರೊಟ್ಟಿ ಕೊಟ್ಟು ಸಮಾಧಾನಪಡಿಸಿದರು. ಮತ್ತೆ ಹಾಯಿ ಏರಿಸಿ ಮಸ್ಕತ್ ತಲುಪಿದರು. ನಾವು ಬಸ್ಸು ಹತ್ತಿದಾಗ ಬಸ್ಸು ಎಲ್ಲಿಗೆ ಹೋಗಬೇಕೆಂಬುದನ್ನು ಡ್ರೈವರ್ ನಿರ್ಧರಿಸುತ್ತಾನೆ. ಹಾಯಿನಾವೆಯಲ್ಲಿ ನಿರ್ಧರಿಸುವವರು ಇಬ್ಬರು. ಒಬ್ಬ ನಾವಿಕ, ಇನ್ನೊಂದು ಗಾಳಿ. ಇಬ್ಬರಲ್ಲಿ ಹಿರಿಯರು ಯಾರೆಂದು ಹೇಳಬೇಕಾಗಿಲ್ಲ.

ಅರಬ್ಬಿ ಸಮುದ್ರದ ಗಾಳಿಗೆ ತನ್ನದೇ ವೇಳಾಪಟ್ಟಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದಿಂದ, ಅಂದರೆ ಆಫ್ರಿಕದ ಕಡೆಯಿಂದ ನಮ್ಮ ಕಡೆಗೆ. ಚಳಿಗಾಲದಲ್ಲಿ ಈಶಾನ್ಯದಿಂದ, ಅಂದರೆ ನಮ್ಮ ಕಡೆಯಿಂದ ಆಚೆಗೆ. ನಡು ಮಳೆಗಾಲದ ಸಮುದ್ರವಂತೂ ನಾವೆಗಳನ್ನು ನುಂಗುವಂಥದು. ಹೀಗಾಗಿ ಹಿಂದಿನ ನಾವಿಕರು ತಿಂಗಳುಗಟ್ಟಲೆ ಬಂದರಿನಲ್ಲಿ ಕಾದು ಕೂರುತ್ತಿದ್ದರು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಎಂಜಿನ್ ಬಂದ ಮೇಲೂ ಮಳೆಗಾಲಕ್ಕೆ ಬಿಡುವು ಕೊಡುವುದನ್ನು ಬಿಟ್ಟಿಲ್ಲ.

ಸೀತಾಫಲದ ಬೀಜದ ಪಾಠ

ಗಾಳಿ ಹಿಂದಿನಿಂದ ಬೀಸಿದರೆ ದೋಣಿ ಮುಂದಕ್ಕೆ ಹೋಗುವುದು ಯಾರಿಗಾದರೂ ತಿಳಿಯುತ್ತದೆ. ಎದುರಿನಿಂದ ಬೀಸುವ ಗಾಳಿಯಲ್ಲೂ ದೋಣಿ ಮುಂದೆ ಸಾಗಬಲ್ಲುದು ಎಂದಾಗ ತರಗತಿಯಲ್ಲಿ ನಗು ಏಳುತ್ತದೆ. ನಗುವವರ ಕೈಗೆ ನಾನು ಒಂದು ಸೀತಾಫಲದ ಬೀಜ ಕೊಡುತ್ತೇನೆ. ನಮ್ಮ ಕಡೆ ಅದಕ್ಕೇನು ಬರವೇ? ಒದ್ದೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿ. ಬೆರಳುಗಳು ಒತ್ತುವುದು ಪಕ್ಕಗಳಿಂದ, ಆದರೆ ಬೀಜ ಚಿಮ್ಮುವುದು ಮುಂದಕ್ಕೆ!

ಹಾಯಿದೋಣಿಯಲ್ಲೂ ಒತ್ತುವ ಬೆರಳುಗಳು ಎರಡು. ಮೇಲೆ ಹಾಯಿ, ಕೆಳಗೆ ನೀರಿನೊಳಗೆ ಅಲುಗಿನಂತೆ ಇಳಿದಿರುವ ಕೀಲ್ ಎಂಬ ಭಾಗ. ಬಾಗಿದ ಹಾಯಿ ತನ್ನ ಮೇಲೆ ಹಾಯುವ ಗಾಳಿಯನ್ನು ಒಂದು ಪಕ್ಕಕ್ಕೆ ತಿರುಗಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ಹಾಯಿಯನ್ನು ಇನ್ನೊಂದು ಪಕ್ಕಕ್ಕೆ ದೂಡುತ್ತದೆ. ದೋಣಿ ಅಡ್ಡಕ್ಕೆ ಜಾರಬೇಕು, ಆದರೆ ಕೀಲ್ ನೀರನ್ನು ತಡೆಹಿಡಿದು ಜಾರಲು ಬಿಡುವುದಿಲ್ಲ. ಉಳಿದ ದಾರಿ ಒಂದೇ, ಮುಂದಕ್ಕೆ. ನೇರವಾಗಿ ಗಾಳಿಯ ಮುಖಕ್ಕಲ್ಲ, ಸುಮಾರು 45 ಡಿಗ್ರಿ ಓರೆಯಾಗಿ. ಸ್ವಲ್ಪ ದೂರ ಎಡಕ್ಕೆ, ಸ್ವಲ್ಪ ದೂರ ಬಲಕ್ಕೆ, ಏರು ಹತ್ತುವ ಎತ್ತಿನ ಗಾಡಿಯ ಹಾಗೆ. ಗಾಳಿಗೆದುರಾಗಿ 10 ಕಿ.ಮೀ. ಮುಂದಿರುವ ಜಾಗ ಮುಟ್ಟಲು ಹೀಗೆ ಸುಮಾರು 14 ಕಿ.ಮೀ. ಸಾಗಬೇಕು. ಪೈಥಾಗೊರಸ್ ಪ್ರಮೇಯ ಕಲಿತವರು ಲೆಕ್ಕ ಹಾಕಿ ನೋಡಬಹುದು.

ಮನೆಯಲ್ಲೇ ಮಾಡಬಹುದಾದ ಪ್ರಯೋಗ ಇದು. ಥರ್ಮೊಕೋಲ್ ತುಂಡಿಗೆ ಕಡ್ಡಿ ಚುಚ್ಚಿ ದಪ್ಪ ಕಾಗದದ ಹಾಯಿ ಕಟ್ಟಿ, ಅಗಲವಾದ ಬೋಗುಣಿಯ ನೀರಿಗೆ ಬಿಟ್ಟು ಪಕ್ಕದಿಂದ ಊದಿ. ಅಡ್ಡಕ್ಕೆ ಜಾರುತ್ತದೆ. ಈಗ ತಳಕ್ಕೆ ಉದ್ದುದ್ದಕ್ಕೆ ಒಂದು ಹಳೆಯ ಪ್ಲಾಸ್ಟಿಕ್ ಸ್ಕೇಲಿನ ತುಂಡು ಸಿಕ್ಕಿಸಿ, ಹಾಯಿಯನ್ನು ಓರೆ ಮಾಡಿ, ಮತ್ತೆ ಊದಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬೋಗುಣಿಯ ಬದಲು ಕಾರಂಜಾದಲ್ಲಿ ಮಾಡುತ್ತೇವೆಂದು ಮಾತ್ರ ಹೊರಡಬೇಡಿ.

ಇನ್ನೊಂದು ಲೆಕ್ಕವಿದೆ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಹಾಗಾಗಿ ಗಾಳಿ ಏರುವ ಮೊದಲೇ ಹಾಯಿಯನ್ನು ಮಡಚಿ ಕಿರಿದು ಮಾಡಬೇಕು. ಏರಿದ ಮೇಲೆ ನೋಡೋಣ ಎಂದವನ ಹಾಯಿ ಹರಿಯುತ್ತದೆ, ಇಲ್ಲವೇ ಕಂಬವೇ ಮುರಿಯುತ್ತದೆ.

ಮುಂಬಯಿಯಲ್ಲಿ ಹುಟ್ಟಿದ ಸುಹೈಲಿ

ಸ್ವಂತ ಹಾಯಿದೋಣಿಯ ಸುಖ ಎಂಥದು, ಕಷ್ಟ ಎಂಥದು ಎಂದು ತಿಳಿಯಲು ಸುಹೈಲಿ ಎಂಬ ದೋಣಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬ್ರಿಟಿಷ್ ಹಡಗು ಕಂಪನಿಯೊಂದರ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ 1960ರ ದಶಕದಲ್ಲಿ ಮುಂಬಯಿಯ ಬಡಗಿಗಳಿಂದ ಅದನ್ನು ಕಟ್ಟಿಸಿದರು. ಉದ್ದ 32 ಅಡಿ, ತೇಗದ ಮರ, ಬಹುಪಾಲು ಕೈಯಲ್ಲೇ ಮಾಡಿದ ಕೆಲಸ. ತರಿಸಿಕೊಂಡ ನಕ್ಷೆ ಅವರು ಕೇಳಿದ್ದಾಗಿರಲಿಲ್ಲ, ಹಳೆಯ ಮಾದರಿಯದಾಗಿತ್ತು. ಹೊಸದಕ್ಕೆ ಕಾಯಲು ಪುರಸೊತ್ತಿಲ್ಲದೆ ಬಂದದ್ದನ್ನೇ ಕಟ್ಟಿದರು. ಸ್ವಂತ ಮನೆ ಕಟ್ಟಿದ ಪಾಲಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದುಡ್ಡು ಸಾಲದೆ, ನಡುದಾರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ ನಿಂತು ಕೆಲಸ ಮಾಡಿ ಸಂಪಾದಿಸಿ, 1967ರಲ್ಲಿ ಇಂಗ್ಲೆಂಡ್ ತಲುಪಿದರು.

ಮರು ವರ್ಷ, 1968ರ ಜೂನ್ 14ರಂದು, ಅದೇ ದೋಣಿಯಲ್ಲಿ ಒಬ್ಬರೇ ಫಾಲ್ಮತ್ ಬಂದರಿನಿಂದ ಹೊರಟರು. ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬರುವ ಪಂದ್ಯ ಅದು. ಒಂಬತ್ತು ಮಂದಿ ಹೊರಟರು.

ಮೊದಲು ತಳದ ಹಲಗೆಗಳ ಸಂದಿನಿಂದ ನೀರು ಸೋರತೊಡಗಿತು. ಹರಿದಾಡುವ ಸಮುದ್ರದ ನಡುವೆ ಇವರೇ ನೀರಿಗಿಳಿದು ಉಸಿರು ಬಿಗಿಹಿಡಿದು ಸಂದಿಗೆ ಹತ್ತಿ ತುರುಕಿ, ಮೇಲೆ ಕ್ಯಾನ್ವಾಸ್ ಪಟ್ಟಿ, ಅದರ ಮೇಲೆ ತಾಮ್ರದ ತಗಡು ಬಡಿದರು. ಮಧ್ಯೆ ಒಂದು ಶಾರ್ಕ್ ಮೀನು ಸುತ್ತು ಹಾಕತೊಡಗಿತು. ಮೇಲೆ ಬಂದು ಬಂದೂಕಿನಿಂದ ಅದನ್ನು ಹೊಡೆದು ಮತ್ತೆ ಇಳಿದರು. ದಕ್ಷಿಣ ಸಾಗರದಲ್ಲಿ ದೋಣಿ ಮಗುಚಿ ಎದ್ದಿತು. ಕುಡಿಯುವ ನೀರು ಕೆಟ್ಟಿತು. ಅಲ್ಲಿಂದ ಮುಂದೆ ಹಾಯಿಯಿಂದ ಸುರಿಯುವ ಮಳೆನೀರೇ ಗತಿ. ರೇಡಿಯೋ ಕೆಟ್ಟಿತು. ತಾನಾಗಿ ಚುಕ್ಕಾಣಿ ಹಿಡಿಯುವ ಸಲಕರಣೆ ಆಸ್ಟ್ರೇಲಿಯದ ಹತ್ತಿರ ಮುರಿದುಬಿತ್ತು. ಬೇರೆಯವರಾಗಿದ್ದರೆ ಬಂದರು ಹುಡುಕುತ್ತಿದ್ದರು. ಇವರು ಹಾಯಿಗಳನ್ನೇ ಹಿಗ್ಗಿಸಿ ಕುಗ್ಗಿಸಿ ತೂಗಿಸಿ, ದೋಣಿ ತನ್ನ ಪಾಡಿಗೆ ನೇರ ಸಾಗುವಂತೆ ಮಾಡಿ ಒಳಗೆ ಹೋಗಿ ಮಲಗಿದರು! ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಶಾರ್ಕಿಗಿಂತ ದೊಡ್ಡ ಸಾಹಸ ಇದೇ. ಬಲಗಳ ಸಮತೋಲನ ಎಂದು ನಾವು ಬೋರ್ಡಿನ ಮೇಲೆ ಬಾಣದ ಗುರುತು ಬರೆದು ಕಲಿಸುವುದನ್ನು ಅವರು ನಿದ್ದೆಗಾಗಿ ಬಳಸಿದರು.

1968ರ ನವೆಂಬರಿನಲ್ಲಿ ನ್ಯೂಜಿಲೆಂಡ್ ಬಿಟ್ಟ ಮೇಲೆ ಏಪ್ರಿಲ್‌ವರೆಗೆ ಮನೆಯವರಿಗೆ ಒಂದು ಸುದ್ದಿಯಿಲ್ಲ. ಮಗ ಹೈದರಾಬಾದಿಗೆ ಹೋಗಿ ಸಂಜೆಯವರೆಗೆ ಫೋನ್ ಮಾಡದಿದ್ದರೆ ಕಂಗಾಲಾಗುವ ತಾಯಿತಂದೆಯರು ಆ ಐದು ತಿಂಗಳನ್ನು ಊಹಿಸಿಕೊಳ್ಳಲಿ. 1969ರ ಏಪ್ರಿಲ್ 22ರಂದು, 312 ದಿನಗಳ ನಂತರ, ಸುಹೈಲಿ ಫಾಲ್ಮತ್‌ಗೆ ಮರಳಿತು. ಪಂದ್ಯ ಮುಗಿಸಿದ್ದು ಅದೊಂದೇ. ಬಹುಮಾನದ 5,000 ಪೌಂಡನ್ನು ಅವರು ಪಂದ್ಯದಲ್ಲಿ ಕಾಣೆಯಾದ ಡೊನಾಲ್ಡ್ ಕ್ರೌಹರ್ಸ್ಟ್ ಅವರ ಕುಟುಂಬಕ್ಕೆ ಕೊಟ್ಟರು.

ಸುಹೈಲಿಯ ಸರಾಸರಿ ವೇಗ ಗಂಟೆಗೆ ಸುಮಾರು 4 ನಾಟಿಕಲ್ ಮೈಲಿ, ಅಂದರೆ ಏಳೂವರೆ ಕಿ.ಮೀ.ಗೂ ಕಡಿಮೆ. ಆ ವೇಗದಲ್ಲಿ ಬೀದರದಿಂದ ಭಾಲ್ಕಿ ಮುಟ್ಟಲು ಐದಾರು ತಾಸು ಬೇಕು. ಸೈಕಲ್ ಮೇಲೆ ಹೋದವರು ಮೊದಲೇ ತಲುಪಿ ಚಹಾ ಕುಡಿದಿರುತ್ತಾರೆ. ಆದರೆ ದೋಣಿ ರಾತ್ರಿಯೂ ನಡೆಯುತ್ತದೆ, ಭಾನುವಾರವೂ ನಡೆಯುತ್ತದೆ. ಭೂಮಿ ಸುತ್ತಿದ್ದು ಹಾಗೆ.

ಸತು ಎಂಬ ಬಲಿಪಶು

ದೋಣಿಯ ಒಡೆಯನಿಗೆ ಬಿರುಗಾಳಿ ಎಂದೋ ಒಮ್ಮೆ ಬರುವ ಶತ್ರು. ಉಪ್ಪುನೀರು ದಿನನಿತ್ಯದ ಶತ್ರು. ಹಾಯಿ ಬಿಸಿಲಿಗೆ ಜೀರ್ಣವಾಗುತ್ತದೆ, ಹಗ್ಗ ಸವೆಯುತ್ತದೆ, ತಳಕ್ಕೆ ಚಿಪ್ಪುಜೀವಿಗಳು ಅಂಟಿ ವೇಗ ಕುಗ್ಗುತ್ತದೆ. ದೋಣಿಯನ್ನು ಮೇಲಕ್ಕೆಳೆದು ಕೆರೆದು ಬಣ್ಣ ಬಳಿಯುವುದು ತಪ್ಪಿದ್ದಲ್ಲ. ಸುಹೈಲಿಯ ತೇಗ ದಶಕಗಳ ಕಾಲ ಬಾಳಿತು, ಆದರೆ ಹಲಗೆಗಳನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತುಕ್ಕು ಹಿಡಿದವು. ಮುದಿವಯಸ್ಸಿನಲ್ಲಿ ನಾಕ್ಸ್-ಜಾನ್‌ಸ್ಟನ್ ತಾವೇ ನಿಂತು ಅವನ್ನು ಕಿತ್ತು ಬದಲಿಸಬೇಕಾಯಿತು.

ಇಲ್ಲಿ ಬೀದರದವರಿಗೆ ಚಿರಪರಿಚಿತವಾದ ಒಂದು ಲೋಹ ಬರುತ್ತದೆ. ನಮ್ಮ ಬಿದ್ರಿ ಹೂಜಿಯ ಮುಖ್ಯ ಲೋಹ ಸತು; ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿರುತ್ತಾರೆ. ಈಗಿನ ದೋಣಿಗಳ ತಳದಲ್ಲಿ, ನೀರಿನೊಳಗೆ, ಸತುವಿನ ಗಟ್ಟಿಗಳನ್ನು ಕೂರಿಸುತ್ತಾರೆ. ಅಂದಕ್ಕಲ್ಲ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿದ್ದರೆ ಅಲ್ಲೊಂದು ವಿದ್ಯುತ್ ಕೋಶವೇ ಹುಟ್ಟುತ್ತದೆ. ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಮೊದಲು ಕರಗುತ್ತದೆ. ಸತು ಅಂಥ ಉದಾರಿ. ಕಬ್ಬಿಣ, ಕಂಚುಗಳನ್ನು ಉಳಿಸಿ ತಾನು ಸವೆಯುತ್ತದೆ. ಸವೆದ ಗಟ್ಟಿಯನ್ನು ತೆಗೆದು ಹೊಸದು ಹಾಕಬೇಕು. ಮರೆತರೆ ಮುಂದಿನ ಸರದಿ ಚುಕ್ಕಾಣಿಯದು, ಪಂಖದ್ದು.

ಮಹದಾಯಿಯ ಹೆಸರು ಹೊತ್ತು

ನಮ್ಮ ನೌಕಾಪಡೆಯ ದೋಣಿಗಳ ಕಥೆ ಸುಹೈಲಿಯಿಂದ ಬಹಳ ದೂರವೇನಲ್ಲ. ಗೋವೆಯ ದಿವಾಡಿ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರ ಕಾರ್ಖಾನೆ ಕಟ್ಟಿದ 56 ಅಡಿಯ ಮ್ಹಾದೆಯಿ ಹೊತ್ತಿದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರನ್ನೇ. ಅದರಲ್ಲಿ ದಿಲೀಪ್ ದೊಂಡೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿದರು. ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲೂ ನಿಲ್ಲದೆಯೇ ಸುತ್ತಿದರು.

ಅಷ್ಟು ನುರಿತ ಟೋಮಿಯವರನ್ನೂ ಸಮುದ್ರ ಸುಮ್ಮನೆ ಬಿಡಲಿಲ್ಲ. 2018ರಲ್ಲಿ, ಹಳೆಯ ಪಂದ್ಯದ ಐವತ್ತನೆಯ ವರ್ಷದ ನೆನಪಿಗೆ ನಡೆದ ಪಂದ್ಯಕ್ಕೆ, ಸುಹೈಲಿಯ ಮಾದರಿಯಲ್ಲೇ ಗೋವೆಯಲ್ಲಿ ಕಟ್ಟಿದ ಥುರಿಯಾ ದೋಣಿಯಲ್ಲಿ ಹೊರಟರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿ ಉರುಳಿ ಹಾಯಿಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಅಲುಗಾಡಲಾಗದೆ ಮೂರು ದಿನ ಮಲಗಿದ್ದವರನ್ನು ಫ್ರಾನ್ಸಿನ ಒಸಿರಿಸ್ ಎಂಬ ಹಡಗು ಬಂದು ರಕ್ಷಿಸಿತು. ಶಸ್ತ್ರಚಿಕಿತ್ಸೆಯಾಗಿ, ಮತ್ತೆ ನಡೆಯಲು ಕಲಿತು, ಅದೇ ಪಂದ್ಯದ ಮುಂದಿನ ಸುತ್ತಿಗೆ ಹೋಗಿ 2023ರ ಏಪ್ರಿಲ್ 29ರಂದು ಎರಡನೆಯ ಸ್ಥಾನ ಪಡೆದರು. ಮೊದಲ ಸ್ಥಾನ ದಕ್ಷಿಣ ಆಫ್ರಿಕದ ಮಹಿಳೆ ಕರ್ಸ್ಟನ್ ನಾಯ್‌ಷೇಫರ್ ಅವರದು.

ದಿವಾಡಿಯಲ್ಲೇ ಕಟ್ಟಿದ ತಾರಿಣಿಯಲ್ಲಿ 2017-18ರಲ್ಲಿ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು ಭೂಮಿ ಸುತ್ತಿದರು. ಅವರಲ್ಲೊಬ್ಬರು ನಮ್ಮ ನೆರೆಯ ಹೈದರಾಬಾದಿನ ಐಶ್ವರ್ಯಾ ಬೊಡ್ಡಪಾಟಿ. ಮನೆ ಕಣ್ಣಳತೆಯಲ್ಲಿದೆ ಎನ್ನುವಾಗ ಚುಕ್ಕಾಣಿ ಕೆಟ್ಟು, ಗೊತ್ತುಪಡಿಸಿದ ಬಂದರುಗಳಲ್ಲಿಲ್ಲದ ಮಾರಿಷಸ್‌ನಲ್ಲಿ ನಿಂತು ರಿಪೇರಿ ಮಾಡಿಸಬೇಕಾಯಿತು. ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ಹೊರಟು 2025ರ ಮೇ 29ರಂದು ಗೋವೆಗೆ ಮರಳಿದರು.

ಇದನ್ನೆಲ್ಲ ಕೇಳಿ ನಮ್ಮ ಕಡೆಯ ಹುಡುಗ ಹುಡುಗಿಯರು, ಸರ್, ನಾವು ಕಲಿಯುವುದೆಲ್ಲಿ ಎಂದು ಕೇಳುವುದುಂಟು. ಸಮುದ್ರಕ್ಕೇ ಹೋಗಬೇಕಾಗಿಲ್ಲ. ಸುಮಾರು 150 ಕಿ.ಮೀ. ದೂರದ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಕಲಿಸುವ ಯಾಟ್ ಕ್ಲಬ್ ಇದೆ, ಬಡ ಮನೆಗಳ ಮಕ್ಕಳೂ ಅಲ್ಲಿ ಕಲಿತು ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗಿದ್ದಾರೆ. ನೀರಿನ ವಾಸನೆಯ ಬಗ್ಗೆ ನಾನೇನೂ ಹೇಳುವುದಿಲ್ಲ, ಹೋದವರಿಗೇ ಗೊತ್ತು. ಮಕ್ಕಳಿಗೆ ಕೊಡುವುದು ಆಪ್ಟಿಮಿಸ್ಟ್ ಎಂಬ 2.3 ಮೀಟರಿನ ಪುಟ್ಟ ದೋಣಿ. ಒಬ್ಬರಿಗೆ ಒಂದು ದೋಣಿ, ಒಂದೇ ಹಾಯಿ, ಹದಿನೈದು ವರ್ಷದೊಳಗಿನವರಿಗೆ. ಸ್ಪರ್ಧೆಗಳ ಭರಾಟೆ ಜುಲೈಯಲ್ಲಿ, ಮಳೆಗಾಲದ ಗಾಳಿ ಜೋರಾಗಿರುವಾಗ. ಶಾಲೆ ಶುರುವಾಗಿ ಒಂದು ತಿಂಗಳು ಕಳೆದಿರುತ್ತದೆ. ರಜೆಯ ವಿಚಾರ ಆಯಾ ಮುಖ್ಯೋಪಾಧ್ಯಾಯರಿಗೆ ಬಿಟ್ಟದ್ದು.

ಹಾಯಿದೋಣಿ ಕಲಿಸುವವರು ಮೊದಮೊದಲಿಗೇ ಹೇಳಿಕೊಡುವುದು ದೋಣಿಯನ್ನು ಬೇಕೆಂದೇ ಮಗುಚುವುದನ್ನು. ಲೈಫ್ ಜಾಕೆಟ್ ತೊಟ್ಟ ಮಗು ನೀರಿಗೆ ಬಿದ್ದು, ಈಜಿ ದೋಣಿಯ ತಳದ ಕಡೆ ಬಂದು, ಹೊರಚಾಚಿದ ಹಲಗೆಯ ಮೇಲೆ ತನ್ನ ಭಾರ ಹಾಕಿ ದೋಣಿಯನ್ನು ನೆಟ್ಟಗೆ ಎಬ್ಬಿಸಿ, ಒಳಗೆ ಹತ್ತಿ, ತುಂಬಿದ ನೀರನ್ನು ಡಬ್ಬಿಯಿಂದ ಎತ್ತಿ ಚೆಲ್ಲಬೇಕು.