ಸುಟ್ಟರೆ ಬೆಳ್ಳಗಾಗುವ ಕಲ್ಲು

ಶಹಾಬಾದ್ ಫರಸಿ ಹಾಸಿದ ಅಡುಗೆಮನೆಯಲ್ಲಿ ಲಿಂಬೆರಸ ಚೆಲ್ಲಿ ಹಾಗೇ ಬಿಟ್ಟರೆ ನುಣುಪು ಹೋಗಿ ಬೆಳ್ಳನೆಯ ಮಚ್ಚೆ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಅದೇಕೆ ಹೋಗದು ಎಂದು ಓದುಗರೊಬ್ಬರು ಕೇಳಿದ್ದಾರೆ. ಅದು ಅಂಟಿದ ಕಲೆಯಲ್ಲ, ಕಲ್ಲೇ ಅಷ್ಟು ಕರಗಿಹೋಗಿದೆ. ಕಲಬುರಗಿ ಸೀಮೆಯ ಈ ಫರಸಿ ಸುಣ್ಣದಕಲ್ಲು. ಹುಳಿ ಸೋಕಿದರೆ ಸಣ್ಣಗೆ ಗುಳ್ಳೆಯೆದ್ದು ಸವೆಯುತ್ತದೆ.

ಮಳೆನೀರೂ ತೆಳುವಾದ ಹುಳಿಯೇ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಿದ್ದ ನೀರು ಕಾಡಿನ ಮಣ್ಣಿನಲ್ಲಿ ಇಂಗುವಾಗ, ಬೇರುಗಳೂ ಕೊಳೆತ ಎಲೆಗಳೂ ಬಿಟ್ಟ ಅದೇ ಅನಿಲವನ್ನು ಇನ್ನಷ್ಟು ಸೇರಿಸಿಕೊಳ್ಳುತ್ತದೆ. ಇದರ ಕೈಚಳಕವನ್ನು ಕುಮಟಾ ತಾಲ್ಲೂಕಿನ ಯಾಣದಲ್ಲಿ ನೋಡಬೇಕು. ಬಿರುಕುಗಳಲ್ಲಿ ಇಳಿದ ನೀರು ಸುತ್ತಲಿನ ಸುಣ್ಣದಕಲ್ಲನ್ನು ಕರಗಿಸಿ, ಕೊಚ್ಚಿ ಒಯ್ದ ಮೇಲೆ ಸುಮಾರು 120 ಮೀಟರಿನ ಭೈರವೇಶ್ವರ ಶಿಖರವೂ 90 ಮೀಟರಿನ ಮೋಹಿನಿ ಶಿಖರವೂ ಉಳಿದಿವೆ. ಅಲ್ಲಿನ ಗುಹೆಯ ಲಿಂಗದ ಮೇಲೆ ನೀರು ಇಂದಿಗೂ ತೊಟ್ಟಿಕ್ಕುತ್ತಿದೆ. ಮಳೆ ಕಡಿಮೆಯಿರುವ ಶಹಾಬಾದಿನಲ್ಲಿ ಕಲ್ಲು ಪದರಪದರವಾಗಿ ನೆಲದಲ್ಲಿ ಮಲಗಿಯೇ ಇದೆ.

ಸುಣ್ಣದಕಲ್ಲೆಂದರೆ ಕಡಲಿನ ಚಿಪ್ಪುಗಳ ರಾಶಿ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಜಗತ್ತಿನ ಎಷ್ಟೋ ಕಡೆ ಅದು ನಿಜ, ಕರ್ನಾಟಕದ ಪ್ರಮುಖ ಸುಣ್ಣದಕಲ್ಲುಗಳಿಗೆ ಮಾತ್ರ ಒಪ್ಪುವುದಿಲ್ಲ. ಪ್ರಾಣಿಗಳಲ್ಲಿ ಚಿಪ್ಪು ವ್ಯಾಪಕವಾಗಿ ಬಂದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಚಿತ್ರದುರ್ಗ ಸೀಮೆಯ ಸುಣ್ಣದಕಲ್ಲಿಗೆ ಸುಮಾರು 260 ಕೋಟಿ ವರ್ಷ! ಅದನ್ನು ಕಟ್ಟಿದವರ ಗುರುತು ಬಂಡೆಯ ಮೈಯಲ್ಲೇ ಇದೆ: ಗುಮ್ಮಟದ ಮೇಲೆ ಗುಮ್ಮಟ ಕವುಚಿದಂತಿರುವ ತೆಳುಪದರಗಳು, ಅಂದರೆ ಸ್ಟ್ರೊಮ್ಯಾಟೊಲೈಟ್‌ಗಳು. ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ನೀರಿನಲ್ಲಿ ಲೋಳೆಯ ಹಾಸು ಕಟ್ಟಿ, ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತ ನೀರಿನ ಇಂಗಾಲದ ಡೈಆಕ್ಸೈಡ್ ಹೀರಿದವು. ಅನಿಲ ಕಡಿಮೆಯಾದ ನೀರಿನಲ್ಲಿ ಸುಣ್ಣ ಕರಗಿ ನಿಲ್ಲಲಾರದೆ ಹಾಸಿನ ಮೇಲೆ ಕೂತಿತು. ಅದು ಮುಚ್ಚುತ್ತ ಬಂದಂತೆ ಜೀವಿಗಳು ಬೆಳಕಿಗಾಗಿ ಮೇಲೇರಿದವು. ಮತ್ತೊಂದು ಪದರ, ಅದರ ಮೇಲೆ ಇನ್ನೊಂದು. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇಯಲ್ಲಿ ಇಂಥವು ಈಗಲೂ ಬೆಳೆಯುತ್ತಿವೆ. ಅನಿಲ ಕಳೆದುಕೊಂಡ ನೀರಿನಲ್ಲಿ ಹುಟ್ಟಿದ ಕಲ್ಲನ್ನು ಅದೇ ಅನಿಲ ಹೊತ್ತುತಂದ ಮಳೆ ಕರಗಿಸುತ್ತದಲ್ಲ, ಎಂಥ ಸೊಗಸು!

ಯಾಣದ ಬಂಡೆ ಕಪ್ಪಾದದ್ದು ಭಸ್ಮಾಸುರ ಸುಟ್ಟು ಬೂದಿಯಾದದ್ದರಿಂದ ಎನ್ನುತ್ತಾರೆ. ಕಥೆಯಾಗಿ ಅದು ಚೆನ್ನ, ಆದರೆ ಪುರಾವೆಯೆಂದು ಮಕ್ಕಳಿಗೆ ತೋರಿಸುವುದು ತಪ್ಪು. ಸುಣ್ಣದ ಗೂಡು ಕಂಡ ಯಾರನ್ನಾದರೂ ಕೇಳಿ: ಈ ಕಲ್ಲು ಸುಟ್ಟರೆ ಕಪ್ಪಾಗುವುದಿಲ್ಲ, ಬೆಳ್ಳನೆಯ ಸುಣ್ಣವಾಗುತ್ತದೆ. ಹಾಗೆ ಸುಡುವಾಗ ಒಂದು ಟನ್ ಶುದ್ಧ ಕಲ್ಲಿನಿಂದ ಸುಮಾರು 440 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಗಾಳಿಗೆ ಬಿಡುವ ಈ ಅನಿಲದಲ್ಲಿ ದೊಡ್ಡ ಪಾಲು ಕಲ್ಲಿನದೇ. ಉರುವಲಿನದು ಅದರ ಮೇಲೆ.