ಕುರುಬೂರಿನಿಂದ ವಿಶ್ವಕಪ್‌ವರೆಗೆ: ಖೋ-ಖೋ ಓಟಗಾರ್ತಿ ಚೈತ್ರಾ ಬಿ.

ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಕೃಷಿಕ ಕುಟುಂಬದಲ್ಲಿ ಬೆಳೆದು, ಶಾಲಾ ದಿನಗಳಲ್ಲಿಯೇ ಖೋ-ಖೋ ಅಭ್ಯಾಸ ಆರಂಭಿಸಿದ ಚೈತ್ರಾ ಬಿ. ಅವರು, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದ ಕನ್ನಡತಿ.

ಈ ಆಟದಲ್ಲಿ ಬೆನ್ನಟ್ಟುವವರು ಸಾಲಾಗಿ ಕುಳಿತಿದ್ದು, ಎದ್ದು ಅಟ್ಟುವವರು ನಡುಗೆರೆಯನ್ನು ದಾಟುವಂತಿಲ್ಲ. ಮೂವರ ಗುಂಪಾಗಿ ಅಂಕಣಕ್ಕಿಳಿಯುವ ಓಟಗಾರರಿಗೆ ಆ ನಿರ್ಬಂಧವಿಲ್ಲದ ಕಾರಣ, ಕುಳಿತವರ ನಡುವೆ ನುಸುಳಿ ದಿಕ್ಕು ಬದಲಿಸುವ ಚುರುಕೇ ಅವರ ಬಲ. ಒಂದು ಗುಂಪು ಮೂರು ನಿಮಿಷ ಪೂರ್ತಿ ಔಟಾಗದೆ ಉಳಿದರೆ ಅದು ‘ಡ್ರೀಮ್ ರನ್’ ಎನಿಸಿ, ಓಡುವ ತಂಡಕ್ಕೂ ಅಂಕ ದೊರೆಯತೊಡಗುತ್ತದೆ.

ನೇಪಾಳದ ವಿರುದ್ಧದ ಫೈನಲ್‌ನ ಕೊನೆಯ ಸರದಿಯಲ್ಲಿ ಚೈತ್ರಾ ಅವರ ಗುಂಪು ಐದು ನಿಮಿಷಕ್ಕೂ ಹೆಚ್ಚು ಕಾಲ ಉಳಿಯಿತು. ಭಾರತ 78–40ರಿಂದ ಗೆದ್ದಿತು, ಪಂದ್ಯದ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಅವರಿಗೆ ಸಂದಿತು.

ಎರಡು ಕಂಬ ಮತ್ತು ಸಮತಟ್ಟಾದ ನೆಲವಷ್ಟೇ ಸಾಕಾಗುವ ಈ ಆಟ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಶಾಲೆಗಳಿಗೂ ಎಟುಕುವಂಥದ್ದು. ಆದ್ದರಿಂದ ಇಲ್ಲಿನ ಪಾಲಕರು ಮತ್ತು ಶಿಕ್ಷಕರು ಹೆಣ್ಣುಮಕ್ಕಳಿಗೆ ನಿತ್ಯದ ಅಭ್ಯಾಸಕ್ಕೆ ಸಮಯವನ್ನೂ ಸರಿಯಾದ ತರಬೇತಿಯನ್ನೂ ತಪ್ಪದೆ ಒದಗಿಸಬೇಕು.