ಬಾಗಿಲು ಬದಲಿಸಿದ ಕಾವಲುಗಾರ

‘ವರ್ಗ’ ಎಂಬ ಮಾತಿನ ಅರ್ಥವನ್ನು ನಮ್ಮ ಹಾಸನದ ಕಡೆಯವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮೇಷ್ಟರಿಗೆ ವರ್ಗವಾಗುತ್ತದೆ, ಶಿರಸ್ತೇದಾರರಿಗೆ ವರ್ಗವಾಗುತ್ತದೆ, ಪೋಲೀಸಿನವರಿಗೆ ವರ್ಗವಾಗುತ್ತದೆ. ಆಜ್ಞೆ ಬಂದ ಕೆಲವೇ ದಿನಗಳಲ್ಲಿ ಪಾತ್ರೆ ಪಡಗಗಳು ಲಾರಿ ಏರುತ್ತವೆ, ನೆರೆಮನೆಯವರು ಕಣ್ಣೊರೆಸಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಹೋದವರನ್ನು ದ್ರೋಹಿ ಎಂದು ಯಾರೂ ಬೈಯುವುದಿಲ್ಲ. ಆದರೆ ಇದೇ ಮಾತು ಕಾಲ್ಚೆಂಡಿನ ಅಂಗಳಕ್ಕೆ ಬಂದಾಗ ಅದರ ಸ್ವಭಾವವೇ ಬೇರೆಯಾಗುತ್ತದೆ. ಅದರಲ್ಲೂ ಗೋಲ್‌ಕೀಪರನೊಬ್ಬನು ತನ್ನ ಕ್ಲಬ್ಬನ್ನು ಬಿಟ್ಟು ಎದುರಾಳಿ ಕ್ಲಬ್ಬಿಗೆ ಹೋದನೆಂದರೆ, ಊರಿಗೆ ಊರೇ ಮನೆಯ ಬೀಗದಕೈಯನ್ನು ಕಳ್ಳನ ಕೈಗೆ ಕೊಟ್ಟಂತೆ ತಳಮಳಿಸುತ್ತದೆ. ಏಕೆ ಹೀಗೆ ಎಂಬುದು ನನ್ನನ್ನು ಬಾಲ್ಯದಿಂದ ಕಾಡಿದ ಪ್ರಶ್ನೆ.

ಬಾಲ್ಯದಿಂದ ಎಂದದ್ದಕ್ಕೆ ಕಾರಣವುಂಟು. ನನ್ನ ತಂದೆ ಶಾಲಾ ಮೇಷ್ಟರು. ನಾನು ಹುಟ್ಟಿದ್ದು ಅರಕಲಗೂಡಿನಲ್ಲಿ. ಓದು ಬರಹ ಹತ್ತಿದ್ದು ಹೊಳೆನರಸೀಪುರದಲ್ಲಿ. ಅಲ್ಲಿ ನಮ್ಮ ಡ್ರಿಲ್ ಮೇಷ್ಟರು ಎಲ್ಲಿಂದಲೋ ಒಂದು ಚರ್ಮದ ಚೆಂಡನ್ನು ತಂದು ನಮ್ಮನ್ನೆಲ್ಲ ಮೈದಾನಕ್ಕೆ ಇಳಿಸಿದರು. ಒಳಗೊಂದು ಬ್ಲಾಡರು, ಮೇಲೆ ಲಾಡಿಯ ಹೊಲಿಗೆ. ಮಳೆಯಲ್ಲಿ ನೆನೆದರೆ ಕಲ್ಲಿನಷ್ಟು ಭಾರ. ಓಡಲಾರದ ಹುಡುಗನನ್ನು ಗೋಲಿನಲ್ಲಿ ನಿಲ್ಲಿಸುವುದು ಶಾಲೆಗಳ ಸನಾತನ ಪದ್ಧತಿಯಾದ್ದರಿಂದ ನಾನು ಗೋಲ್‌ಕೀಪರನಾದೆ. ಹೇಮಾವತಿಯ ದಂಡೆಯ ಮರಳಿನಲ್ಲಿ ಹಾರಿ ಬೀಳುವುದನ್ನು ಕಲಿತೆ. ಪ್ರತಿ ಸಂಜೆಯೂ ನನ್ನ ಗೆಳೆಯನೊಬ್ಬ ಹನ್ನೆರಡು ಹೆಜ್ಜೆ ಅಳೆದು ಚೆಂಡಿಟ್ಟು ಒದೆಯುತ್ತಿದ್ದ, ನಾನು ಹಾರುತ್ತಿದ್ದೆ. ನೂರಾರು ಸಲ ನೋಡಿದ ಮೇಲೆ ನನಗೊಂದು ಗುಟ್ಟು ತಿಳಿಯಿತು. ಅವನು ಎಷ್ಟೇ ಕಣ್ಣು ತಪ್ಪಿಸಿದರೂ ಚೆಂಡು ಬರುತ್ತಿದ್ದುದು ನನ್ನ ಎಡಗಡೆಗೆ.

ಮುಂದಿನ ವರ್ಷ ತಂದೆಯವರಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಆ ಶಾಲೆಯ ತಂಡಕ್ಕೆ ಗೋಲ್‌ಕೀಪರ್ ಇರಲಿಲ್ಲ, ನಾನು ನಿಂತೆ. ಹಾಸನದಲ್ಲಿ ನಡೆದ ಶಾಲಾ ಪಂದ್ಯದಲ್ಲಿ ನಮ್ಮೆದುರು ಬಂದವರು ಹೊಳೆನರಸೀಪುರದ ಹುಡುಗರು. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿರುವಾಗ ಅವರಿಗೆ ಪೆನಾಲ್ಟಿ ದೊರೆಯಿತು. ಒದೆಯಲು ಬಂದವನು ಅದೇ ಗೆಳೆಯ. ನಾನು ಎಡಕ್ಕೆ ಹಾರಿದೆ. ಚೆಂಡು ಎಡಕ್ಕೇ ಬಂತು. ಹೊಸ ಗೆಳೆಯರು ನನ್ನನ್ನು ಹೊತ್ತು ಮೆರೆಸಿದರು. ಹಳೆಯವನು ನನ್ನೊಡನೆ ಮಾತಾಡದೆ ಬಸ್ಸು ಹತ್ತಿ ಹೋದ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಗೋಲ್‌ಕೀಪರನ ಸ್ಥಾನವೇ ವಿಚಿತ್ರವಾದದ್ದು. ಇಂಗ್ಲೆಂಡಿನ ಕಾಲ್ಚೆಂಡು ಸಂಘದ ನಿಯಮಗಳಲ್ಲಿ ಅವನ ಹೆಸರು ಕಾಣಿಸಿಕೊಂಡದ್ದು 1871ರಲ್ಲಿ. ಮೊದಮೊದಲು ತನ್ನ ಅರ್ಧ ಮೈದಾನದಲ್ಲೆಲ್ಲ ಅವನು ಚೆಂಡನ್ನು ಕೈಯಿಂದ ಮುಟ್ಟಬಹುದಾಗಿತ್ತು. 1912ರಲ್ಲಿ ಆ ಅಧಿಕಾರವನ್ನು ಪೆನಾಲ್ಟಿ ಆವರಣದೊಳಕ್ಕೆ ಮೊಟಕುಗೊಳಿಸಿದರು. ತನ್ನ ಕಡೆಯವನೇ ಬೇಕೆಂದು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯಕೂಡದೆಂಬ ಕಟ್ಟಳೆ 1992ರಲ್ಲಿ ಬಂತು. ಹೀಗೆ ಶತಮಾನವಿಡೀ ಅವನ ರಾಜ್ಯ ಕಿರಿದಾಗುತ್ತಲೇ ಬಂದಿದೆ. ಕಾಯಬೇಕಾದ ಬಾಗಿಲು ಮಾತ್ರ ಅಷ್ಟೇ ಇದೆ: ಅಗಲ 7.32 ಮೀಟರು, ಎತ್ತರ 2.44 ಮೀಟರು.

ಈ ಸ್ಥಾನದ ಇನ್ನೊಂದು ವಿಶೇಷವನ್ನು ನೋಡುಗರು ಮರೆಯುತ್ತಾರೆ. ಮುನ್ಪಡೆಯ ಆಟಗಾರನಿಗೆ ಎಡೆ ಸಿಗದಿದ್ದರೆ ಅವನನ್ನು ಅಂಚಿನಲ್ಲಿ ಆಡಿಸಬಹುದು, ನಡುವಿಗೆ ಎಳೆಯಬಹುದು, ಕೊನೆಯ ಇಪ್ಪತ್ತು ನಿಮಿಷಕ್ಕಾದರೂ ಕಳಿಸಬಹುದು. ಗೋಲ್‌ಕೀಪರನಿಗೆ ಇಂಥ ಅನುಕೂಲವಿಲ್ಲ. ಹನ್ನೊಂದು ಮಂದಿಯಲ್ಲಿ ಅವನ ಜಾಗ ಒಂದೇ. ಮೊದಲನೆಯವನು ಗಟ್ಟಿಗನಾಗಿದ್ದು, ಅವನಿಗೆ ಪೆಟ್ಟಾಗದೆ ಇದ್ದರೆ, ಎರಡನೆಯವನು ವರ್ಷಗಟ್ಟಲೆ ಬೆಂಚಿನ ಮೇಲೆ ಕುಳಿತು ಬಿಸಿಲು ಕಾಯಿಸಬೇಕು. ಆದ್ದರಿಂದ ಗೋಲ್‌ಕೀಪರನ ವರ್ಗ ಎಷ್ಟೋ ಸಲ ಹಣದ ಆಸೆಯಿಂದ ಆಗುವುದಲ್ಲ. ತೆರವಾದ ಬಾಗಿಲೊಂದು ಎಲ್ಲಿದೆಯೋ ಅಲ್ಲಿಗೆ ಅವನು ಹೋಗಲೇಬೇಕಾಗುತ್ತದೆ. ಆ ಬಾಗಿಲು ಎದುರಾಳಿಯದಾಗಿದ್ದರೆ ಅದು ಅವನ ತಪ್ಪೆ?

ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಉದಾಹರಣೆಯುಂಟು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ವರ್ಷವೇ ಐ-ಲೀಗನ್ನು ಗೆದ್ದ ಕ್ಲಬ್ಬು. ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಿಂದ ಗುರುಪ್ರೀತ್ ಸಿಂಗ್ ಸಂಧು 2017ರಲ್ಲಿ ಇಲ್ಲಿಗೆ ಬಂದ ಮೇಲೆ ಆ ಬಾಗಿಲು ಭದ್ರವಾಯಿತು. 2019-20ರ ಸಾಲಿನಲ್ಲಿ ಅದೇ ಕ್ಲಬ್ಬಿನಲ್ಲಿದ್ದ ಇನ್ನೊಬ್ಬ ಗೋಲ್‌ಕೀಪರ್ ಪ್ರಭಸುಖನ್ ಸಿಂಗ್ ಗಿಲ್. ಇನ್ನೂ ಹದಿಹರೆಯದ ಹುಡುಗ. ಗುರುಪ್ರೀತ್ ನಿಂತ ಬಾಗಿಲಿನಲ್ಲಿ ಅವನಿಗೆ ಎಡೆಯೆಲ್ಲಿ? 2020ರಲ್ಲಿ ಆತ ಹೋದದ್ದು ಕೇರಳ ಬ್ಲಾಸ್ಟರ್ಸ್ ಕ್ಲಬ್ಬಿಗೆ. ಬೆಂಗಳೂರು ಮತ್ತು ಕೇರಳದ ಈ ಎರಡು ಕ್ಲಬ್ಬುಗಳ ಅಭಿಮಾನಿಗಳ ನಡುವಣ ಜಿದ್ದು ಎಷ್ಟೆಂಬುದನ್ನು ಕಂಠೀರವ ಕ್ರೀಡಾಂಗಣದಲ್ಲಿ ಒಮ್ಮೆ ಕುಳಿತವರು ಬಲ್ಲರು. ಅಲ್ಲಿಯೂ ಗಿಲ್ ಕಾದು ಕುಳಿತ. ಮೊದಲ ಗೋಲ್‌ಕೀಪರನಿಗೆ ಪೆಟ್ಟಾದಾಗ ಒಳಗೆ ಬಂದವನು 2021-22ರ ಇಂಡಿಯನ್ ಸೂಪರ್ ಲೀಗಿನ ಅತ್ಯುತ್ತಮ ಗೋಲ್‌ಕೀಪರನ ಬಹುಮಾನವನ್ನು ಪಡೆದ.

ಮುಂದಿನ ಕಥೆ 2023ರ ಮಾರ್ಚ್ 3ರದು. ಕಂಠೀರವದಲ್ಲಿ ಬೆಂಗಳೂರಿಗೂ ಕೇರಳಕ್ಕೂ ನಾಕೌಟ್ ಪಂದ್ಯ. ತೊಂಬತ್ತು ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿಗೊಂದು ಫ್ರೀ ಕಿಕ್. ಕೇರಳದ ರಕ್ಷಣಾ ಗೋಡೆ ಇನ್ನೂ ಸಿದ್ಧವಾಗುವ ಮೊದಲೇ ಸುನೀಲ್ ಛೆಟ್ರಿ ಚೆಂಡನ್ನು ಮೆಲ್ಲನೆ ಗೋಲಿನೊಳಕ್ಕೆ ಕಳಿಸಿಬಿಟ್ಟರು. ಗೋಲಿನಲ್ಲಿದ್ದವನು ಅದೇ ಗಿಲ್. ರೆಫರಿ ಗೋಲೆಂದರು, ಕೇರಳದ ತಂಡ ಮೈದಾನ ಬಿಟ್ಟು ಹೊರನಡೆಯಿತು, ಪಂದ್ಯ ಬೆಂಗಳೂರಿನ ಪಾಲಾಯಿತು. ಅನಂತರ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆ ಕೇರಳ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ವಿಧಿಸಿತು. ಅಂದಿನ ಗೋಲಿನ ನ್ಯಾಯಾನ್ಯಾಯವನ್ನು ಜನ ಇಂದಿಗೂ ಚರ್ಚಿಸುತ್ತಾರೆ. ನನ್ನ ಮನಸ್ಸು ಮಾತ್ರ ಬೇರೊಂದು ಕಡೆ ಹೋಗುತ್ತದೆ. ಒದೆದವನೂ ಕಾದವನೂ ಮೂರು ವರ್ಷದ ಹಿಂದೆ ಒಂದೇ ನೀಲಿ ಅಂಗಿ ತೊಟ್ಟವರು. ಅದೇ ವರ್ಷ ಗಿಲ್ ಕೇರಳವನ್ನೂ ಬಿಟ್ಟು ಕೊಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋದ.

ಇಂದು ಈ ವರ್ಗಗಳೆಲ್ಲ ಕಾಗದ ಪತ್ರದ ವ್ಯವಹಾರ. ಆಟಗಾರನಿಗೂ ಕ್ಲಬ್ಬಿಗೂ ಇಷ್ಟು ವರ್ಷವೆಂದು ಕರಾರಿರುತ್ತದೆ. ಕರಾರು ಮುಗಿಯುವ ಮೊದಲೇ ಹೋಗಬೇಕಾದರೆ ಹೊಸ ಕ್ಲಬ್ಬು ಹಳೆಯದಕ್ಕೆ ಹಣ ತೆರಬೇಕು. ಕರಾರಿಗೆ ಆರು ತಿಂಗಳು ಉಳಿದಾಗ ಆಟಗಾರ ಬೇರೆಯವರೊಡನೆ ಮಾತುಕತೆ ನಡೆಸಬಹುದು. ಮುಗಿದ ಮೇಲೆ ಅವನು ಸ್ವತಂತ್ರ. ಮುಗಿದ ಮೇಲೂ ಹಣ ಕೇಳುವ ಹಳೆಯ ಪದ್ಧತಿಯನ್ನು ಯೂರೋಪಿನ ನ್ಯಾಯಾಲಯ 1995ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಆಟಗಾರ ಬೋಸ್ಮನ್ನನ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಅಂತರರಾಷ್ಟ್ರೀಯ ವರ್ಗದ ಹಣದಲ್ಲಿ ನೂರಕ್ಕೆ ಐದರಷ್ಟು, ಆಟಗಾರನನ್ನು ಹನ್ನೆರಡರಿಂದ ಇಪ್ಪತ್ಮೂರನೆಯ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕೆಂಬ ನಿಯಮವೂ ಇದೆ. ಸಾಕಿದವರ ಋಣವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವ ಪ್ರಯತ್ನವಿದು. ಚಪ್ಪಾಳೆ ತಟ್ಟಿ ಬೆಳೆಸಿದವರ ಋಣಕ್ಕೆ ಅಂಥ ಲೆಕ್ಕವಿಲ್ಲ.

ಹಳೆಯ ಕಲ್ಕತ್ತೆಯಲ್ಲಿ ಇದು ಹೆಚ್ಚು ನಾಟಕೀಯವಾಗಿತ್ತು. ವರ್ಷಕ್ಕೊಮ್ಮೆ ಗೊತ್ತಾದ ದಿನಗಳಲ್ಲಿ ಆಟಗಾರರು ಸಂಘದ ಕಚೇರಿಗೆ ಹೋಗಿ ಸಹಿ ಹಾಕಬೇಕು. ಅಷ್ಟರೊಳಗೆ ಎದುರಾಳಿಗಳು ಅವರನ್ನು ಹಾರಿಸಿಕೊಂಡು ಹೋಗದಂತೆ ಕ್ಲಬ್ಬಿನವರು ಗುಟ್ಟಾದ ಮನೆಗಳಲ್ಲಿ ಅಡಗಿಸಿಡುತ್ತಿದ್ದರು. ನಮ್ಮ ಬೆಂಗಳೂರಿನ ಅಹಮದ್ ಖಾನ್ ಕೂಡ ಆ ನಗರಕ್ಕೆ ಹೋಗಿ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರೆನಿಸಿದರು. ಆ ನಗರದ ಗೋಲ್‌ಕೀಪರನೊಬ್ಬನ ಕಥೆಯನ್ನು ಇಲ್ಲಿ ಹೇಳಲೇಬೇಕು. 1975ರ ಸೆಪ್ಟೆಂಬರ್ 30ರಂದು ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲಿಗೆ ಐದು ಗೋಲುಗಳಿಂದ ಸೋತಿತು. ಮೋಹನ್ ಬಾಗಾನಿನ ಗೋಲಿನಲ್ಲಿದ್ದ ತರುಣ ಭಾಸ್ಕರ್ ಗಂಗೂಲಿ. ನಾಲ್ಕು ಗೋಲಾದ ಮೇಲೆ ಅವನನ್ನು ಹೊರಕ್ಕೆ ಕರೆದುಕೊಂಡರು. ಅಂಥ ಅವಮಾನ ಹೊತ್ತವನಿಗೆ ಮುಂದಿನ ವರ್ಷ ಬಾಗಿಲು ತೆರೆದದ್ದು ಬೇರಾರೂ ಅಲ್ಲ, ಅವನ ಮೇಲೆ ಆ ಗೋಲುಗಳನ್ನು ಹೊಡೆದ ಈಸ್ಟ್ ಬೆಂಗಾಲ್. ಅಲ್ಲಿ ಬೆಳೆದ ಆತ 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ನಾಯಕನಾದ. ಎದುರಾಳಿಯ ಮನೆಯೇ ಮರುಜನ್ಮ ಕೊಟ್ಟ ಮನೆಯಾಯಿತು.

ಇಂಗ್ಲೆಂಡಿನಲ್ಲಿ ಪ್ಯಾಟ್ ಜೆನಿಂಗ್ಸ್ ಎಂಬ ಉತ್ತರ ಐರ್ಲೆಂಡಿನ ಗೋಲ್‌ಕೀಪರನಿದ್ದ. ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನಲ್ಲಿ ಹದಿಮೂರು ವರ್ಷ ದುಡಿದವನು. 1977ರಲ್ಲಿ ಆ ಕ್ಲಬ್ಬು ಕೆಳಗಿನ ದರ್ಜೆಗೆ ಇಳಿದಾಗ, ಮೂವತ್ತೆರಡು ವರ್ಷದ ಇವನ ಕಾಲ ಮುಗಿಯಿತೆಂದು ಎಣಿಸಿ 45,000 ಪೌಂಡಿಗೆ ಬಿಟ್ಟುಕೊಟ್ಟರು. ಕೊಂಡವರು ಅದೇ ಊರಿನ ಕಡುವೈರಿ ಆರ್ಸೆನಲ್. ಮುಗಿಯಿತೆಂದುಕೊಂಡ ಕಾಲ ಇನ್ನೂ ಎಂಟು ವರ್ಷ ನಡೆಯಿತು; 1979ರಲ್ಲಿ ಎಫ್.ಎ. ಕಪ್ ಅವನ ಕೈಗೆ ಬಂತು. 1985ರಲ್ಲಿ ಅವನು ಮತ್ತೆ ಟಾಟನ್‌ಹ್ಯಾಮಿಗೇ ಹಿಂದಿರುಗಿದ. ಮಾರನೆಯ ವರ್ಷ ತನ್ನ ನಲವತ್ತೊಂದನೆಯ ಹುಟ್ಟುಹಬ್ಬದಂದೇ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ವಿರುದ್ಧ ತನ್ನ 119ನೆಯ ಹಾಗೂ ಕೊನೆಯ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ. ಎರಡೂ ಕಡೆಯ ಜನ ಗೌರವಿಸಿದ ಅಪರೂಪದ ಆಟಗಾರ ಅವನು.

ಎಲ್ಲರಿಗೂ ಆ ಭಾಗ್ಯವಿಲ್ಲ. ಜರ್ಮನಿಯ ಮ್ಯಾನುಯೆಲ್ ನಾಯರ್ 2011ರಲ್ಲಿ ತನ್ನನ್ನು ಎಳೆತನದಿಂದ ಬೆಳೆಸಿದ ಶಾಲ್ಕೆ ಕ್ಲಬ್ಬನ್ನು ಬಿಟ್ಟು ಬಯರ್ನ್ ಮ್ಯೂನಿಕ್ಕಿಗೆ ಹೋದಾಗ, ಬಿಟ್ಟುಬಂದವರು ಮುನಿದದ್ದು ಸರಿಯೆನ್ನೋಣ. ಕರೆಸಿಕೊಂಡ ಕಡೆಯ ಅಭಿಮಾನಿಗಳೂ ‘ನಾಯರ್ ಬೇಡ’ ಎಂಬ ಬರಹ ಹಿಡಿದು ನಿಂತಿದ್ದರು. ಹಳೆಯ ಮನೆಯಲ್ಲಿ ದ್ರೋಹಿ, ಹೊಸ ಮನೆಯಲ್ಲಿ ಪರಕೀಯ. ವರ್ಗವಾಗಿ ಬಂದ ಮೇಷ್ಟರ ಮಗನಿಗೆ ಹೊಸ ಶಾಲೆಯ ಮೊದಲ ವಾರ ಹೇಗಿರುತ್ತದೆಂಬುದು ನನಗೆ ಗೊತ್ತಿರುವುದರಿಂದ ಈ ಸುದ್ದಿ ಓದಿದಾಗ ಅವನ ಮೇಲೆ ಕನಿಕರ ಬಂತು.

ಇದನ್ನು ನೆನೆದಾಗಲೆಲ್ಲ ನಮ್ಮ ಪುರಾಣದ ಜಯವಿಜಯರು ಕಣ್ಣ ಮುಂದೆ ನಿಲ್ಲುತ್ತಾರೆ. ವೈಕುಂಠದ ಬಾಗಿಲು ಕಾಯುತ್ತಿದ್ದ ಅವರು ಸನಕಾದಿಗಳ ಶಾಪಕ್ಕೆ ಗುರಿಯಾದರು. ಭಕ್ತರಾಗಿ ಏಳು ಜನ್ಮವೋ ವೈರಿಗಳಾಗಿ ಮೂರು ಜನ್ಮವೋ ಎಂಬ ಆಯ್ಕೆ ಬಂದಾಗ ಅವರು ವೈರವನ್ನೇ ಆರಿಸಿಕೊಂಡರು. ಬೇಗ ಮರಳಿ ತಮ್ಮ ಬಾಗಿಲಿಗೆ ಬರಬೇಕೆಂಬುದೇ ಅದಕ್ಕೆ ಕಾರಣ. ಹಿರಣ್ಯಕಶಿಪುವಾಗಿ, ರಾವಣನಾಗಿ, ಶಿಶುಪಾಲನಾಗಿ ಎದುರು ನಿಂತವನೂ ಮೂಲದಲ್ಲಿ ಮನೆಯ ಕಾವಲುಗಾರನೇ. ಎದುರಾಳಿಯ ಪಾಳೆಯದಲ್ಲಿ ನಿಂತವನು ನಮ್ಮವನಾಗಿರಲಾರನೆಂದು ನಮ್ಮ ಪೂರ್ವಿಕರು ಭಾವಿಸಲಿಲ್ಲ.

ಹಾಗಾದರೆ ನೋಡುಗನ ನೋವು ಸುಳ್ಳೆ? ಖಂಡಿತ ಅಲ್ಲ. ಕ್ಲಬ್ಬಿನ ಮೇಲಣ ನಿಷ್ಠೆ ನಿಜವಾಗಿ ಇರುವುದು ಅವನಲ್ಲಿಯೇ. ಆಟಗಾರ ಬರುತ್ತಾನೆ, ಹೋಗುತ್ತಾನೆ. ಟಿಕೀಟು ಕೊಂಡು ಮಳೆಯಲ್ಲಿ ನೆನೆಯುವವನಿಗೆ ವರ್ಗವಿಲ್ಲ. ಗೋಲ್‌ಕೀಪರ್ ಹೋಗುವಾಗ ಒಂದು ಜೊತೆ ಕೈಗವಸನ್ನು ಮಾತ್ರ ಒಯ್ಯುವುದಿಲ್ಲ. ತನ್ನ ಮುಂದೆ ನಿಂತವರ ಬಲ, ದೌರ್ಬಲ್ಯ, ಅಭ್ಯಾಸಗಳನ್ನೆಲ್ಲ ಹಿಂದಿನಿಂದ ನೋಡಿ ಬಲ್ಲವನು ಅವನು. ಆ ತಿಳಿವಳಿಕೆ ಅವನೊಡನೆ ಹೋಗುತ್ತದೆ. ಕರಾರಿನ ಯಾವ ಕಲಮೂ ಅದನ್ನು ಹಿಂದಕ್ಕೆ ಕಸಿದುಕೊಳ್ಳಲಾರದು. ಅದನ್ನು ಬಳಸದೆ ಸುಮ್ಮನೆ ನಿಂತರೆ ಹೊಸ ಮನೆಗೆ ದ್ರೋಹ. ಬಳಸಿದರೆ ಹಳೆಯ ಗೆಳೆತನಕ್ಕೆ ಪೆಟ್ಟು. ಆಡುವವನು ಪ್ರಾಮಾಣಿಕನಾಗಿದ್ದರೆ ಹಾರಲೇಬೇಕು. ನನ್ನ ಮಟ್ಟಿಗೆ ಪ್ರಶ್ನೆಗೆ ದೊರೆತ ಉತ್ತರ ಇಷ್ಟೇ, ಅದೂ ಬಹಳ ತಡವಾಗಿ.

ಕೆಲವು ವರ್ಷಗಳ ಹಿಂದೆ ಹಾಸನದ ಬಸ್‌ನಿಲ್ದಾಣದಲ್ಲಿ ನನ್ನ ಹಳೆಯ ಗೆಳೆಯ ಸಿಕ್ಕಿದ. ತಲೆ ನರೆತಿತ್ತು, ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದ, ಮಗಳನ್ನು ಆ ಊರಿಗೆ ಕೊಟ್ಟಿದ್ದನಂತೆ. ಕಾಫಿ ಕುಡಿಯುತ್ತ ನಾನೇ ಆ ಪೆನಾಲ್ಟಿಯ ಮಾತೆತ್ತಿದೆ. “ನೀನು ಎಡಕ್ಕೇ ಒದೀತೀಯ ಅಂತ ನನಗೆ ಗೊತ್ತಿತ್ತು ಕಣೋ. ಅದಕ್ಕೇ ಹಿಡಿದೆ” ಎಂದೆ. ಅವನು ನಕ್ಕ.

“ನಿನಗೆ ಗೊತ್ತು ಅನ್ನೋದು ನನಗೂ ಗೊತ್ತಿತ್ತು ಕಣೋ. ಆದ್ರೆ ಏನ್ ಮಾಡ್ಲಿ, ಬಲಕ್ಕೆ ಒದಿಯೋದು ನಂಗೆ ಬರ್ತಿರ್ಲಿಲ್ಲ.”

ಅಷ್ಟರಲ್ಲಿ ಬಸ್ಸು ಬಂತು. ಈ ಸಲ ಅವನು ಕಿಟಕಿಯಿಂದ ಕೈ ಬೀಸುತ್ತ ಹೋದ.